ಮಗ ಕಾರು ಬುಕ್ ಮಾಡುವ ಮೊದಲು

ಮಾನ್ಯ ಸಾರಿಗೆ ಸಚಿವರಿಗೆ,



ನನ್ನ ಮಗನಿಗೆ ಇಪ್ಪತ್ತಾರು. ವೈಟ್‌ಫೀಲ್ಡಿನಲ್ಲಿ ಕೆಲಸ. ದೀಪಾವಳಿಗೆ ಕಾರು ಬುಕ್ ಮಾಡುತ್ತೇನೆ ಅನ್ನುತ್ತಿದ್ದಾನೆ. ನಮ್ಮ ವಿಜಯನಗರದಿಂದ ಅಲ್ಲಿಗೆ ನೇರಳೆ ಮಾರ್ಗದ ಮೆಟ್ರೊ ಇದೆ, ದಿನವೂ ಅದರಲ್ಲೇ ಹೋಗಿಬರುತ್ತಾನೆ. ಕಾರು ಬೇಕಾಗುವುದು ತಿಂಗಳಲ್ಲಿ ಮೂರು ನಾಲ್ಕು ದಿನ: ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಹಾಸನದ ಹತ್ತಿರದ ಊರಿಗೆ ಹೋಗಿಬರಲು. ಮಿಕ್ಕ ದಿನವೆಲ್ಲ ಅದು ನಮ್ಮ ಬೀದಿಯಲ್ಲಿ, ಹುಡುಗರು ಚೆಂಡಾಡುತ್ತಿದ್ದ ಜಾಗದಲ್ಲಿ ನಿಂತಿರುತ್ತದೆ. ಇಎಂಐ ಮಾತ್ರ ಏಳು ವರ್ಷ.

ಬೇಡ ಕಣೋ ಎಂದೆ. 'ಮತ್ತೆ ಬೇಕಾದಾಗ ಏನು ಮಾಡಲಮ್ಮ?' ಎಂದ. ಆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ದಾರಿ, ಕಾರು ಹಂಚಿಕೊಳ್ಳುವುದು. ಖಾಸಗಿ ಕಾರಿನಲ್ಲಿ ದಿನಕ್ಕೆ ನಾಲ್ಕು ಟ್ರಿಪ್‌ವರೆಗೆ ಜೊತೆ ಪ್ರಯಾಣಕ್ಕೆ ಕೇಂದ್ರದ 2020ರ ಮಾರ್ಗಸೂಚಿ ಅವಕಾಶ ಕೊಟ್ಟಿತ್ತು, ರಾಜ್ಯ ಬೇಡವೆನ್ನದಿದ್ದರೆ. 2023ರಲ್ಲಿ ಬೆಂಗಳೂರಿನಲ್ಲಿ ವೈಟ್ ಬೋರ್ಡ್ ಇರುವ ಖಾಸಗಿ ಕಾರಿನ ಕಾರ್‌ಪೂಲಿಂಗ್‌ಗೆ ದಂಡವೆಂಬ ಸುದ್ದಿ ಹಬ್ಬಿತು. ಆಮೇಲೆ, ಅನುಮತಿಯಿಲ್ಲದ ಬಾಡಿಗೆಗೆ ಮಾತ್ರ ತಡೆ ಎಂಬ ವಿವರಣೆ ಬಂತು. ಹಾಗಾದರೆ ನಾಲ್ವರು ಸಹೋದ್ಯೋಗಿಗಳು ಪೆಟ್ರೋಲ್ ಖರ್ಚು ಹಂಚಿಕೊಂಡರೆ ಅದು ಬಾಡಿಗೆಯೇ? ಆಟೊ, ಟ್ಯಾಕ್ಸಿ ಚಾಲಕರ ಹೊಟ್ಟೆಪಾಡಿನ ಆತಂಕ ಸುಳ್ಳಲ್ಲ. ಅದಕ್ಕೇ ಖರ್ಚು ಹಂಚಿಕೆಗೂ ಲಾಭದ ದಂಧೆಗೂ ನಡುವೆ ಗೆರೆಯನ್ನು ನೀವೇ ಎಳೆಯಬೇಕು.

ಇನ್ನು ಸೆಲ್ಫ್ ಡ್ರೈವ್, ಅಂದರೆ ಬಾಡಿಗೆಗೆ ಪಡೆದು ನಾವೇ ಓಡಿಸುವ ಕಾರು. 1989ರ ರೆಂಟ್ ಎ ಕ್ಯಾಬ್ ಯೋಜನೆಯಲ್ಲಿ ಪರವಾನಗಿ ಬೇಕಾದರೆ ಕನಿಷ್ಠ 50 ಕಾರು ಇರಬೇಕು. ನಮ್ಮ ಬಡಾವಣೆಯ ಸಂಘ ಐದು ಕಾರು ಇಟ್ಟು ಬೀದಿಯವರಿಗೆಲ್ಲ ಗಂಟೆಯ ಲೆಕ್ಕದಲ್ಲಿ ಕೊಡುತ್ತೇವೆಂದರೂ ಆ ಲೆಕ್ಕಕ್ಕೆ ನಿಲುಕುವುದಿಲ್ಲ. ನಿಯಮ ಕೇಂದ್ರದ್ದೇ ಇರಬಹುದು, ಸಡಿಲಿಸಿ ಎಂದು ಪತ್ರ ಬರೆಯುವ ಸ್ಥಾನದಲ್ಲಿ ನೀವಿದ್ದೀರಿ.

ಹಂಚಿಕೊಳ್ಳುವ ಕಾರಿಗೆ ನಿಲ್ಲಲು ಜಾಗವೂ ಬೇಕು. ಜರ್ಮನಿಯ ಬ್ರೆಮೆನ್ ನಗರ 2003ರಿಂದಲೇ ಮನೆಗಳ ಸಮೀಪ ಹಂಚಿಕೆ ಕಾರುಗಳಿಗೆ ಜಾಗ ಕಾದಿರಿಸುತ್ತ ಬಂದಿದೆ. 2017ರಲ್ಲಿ ಆ ದೇಶ ಕಾರು ಹಂಚಿಕೆಗೆಂದೇ ಕಾನೂನು ಮಾಡಿತು. ಬುಕ್ ಮಾಡಿದವರು ನಡೆದುಹೋಗಿ ಕಾರು ತೆಗೆದುಕೊಂಡು, ಕೆಲಸ ಮುಗಿಸಿ ಅಲ್ಲೇ ತಂದು ನಿಲ್ಲಿಸುತ್ತಾರೆ. ನಮ್ಮ ಮೆಟ್ರೊ ನಿಲ್ದಾಣಗಳ ಪಕ್ಕ ಅಂಥ ನಾಲ್ಕು ಜಾಗ ಗುರುತಿಸಲು ಹೊಸ ರಸ್ತೆ ಬೇಡ, ಸುರಂಗವೂ ಬೇಡ; ಬಣ್ಣದ ಗೆರೆ, ಒಂದು ಫಲಕ, ಒಂದು ಆದೇಶ ಸಾಕು.

ದೀಪಾವಳಿಯವರೆಗೆ ತಡೆದುಕೋ ಎಂದು ಮಗನಿಗೆ ಹೇಳಿದ್ದೇನೆ. ಅಷ್ಟರೊಳಗೆ ವಿಜಯನಗರ ನಿಲ್ದಾಣದ ಪಕ್ಕವೇ ಮೊದಲ ಗೆರೆ ಎಳೆಸಿ, ಸ್ವಾಮಿ.

ಇತಿ,
ವಿಜಯನಗರದ ಒಬ್ಬ ತಾಯಿ