ಮೂವತ್ತು ಗಂಟೆಯಲ್ಲಿ ಏನು ಕಲಿಸಬೇಕು?

ಭಟ್ಕಳದ ಜಾಲಿಯಿಂದ ಮಂಗಳೂರಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ವಿನ್ಯಾಸ ಇಲ್ಲವೇ ಪತ್ರಿಕೋದ್ಯಮ ಓದುವ ಮಕ್ಕಳಿಗೆ ಪಠ್ಯದ ಜತೆಗೆ ಐಚ್ಛಿಕ ಕೋರ್ಸುಗಳೂ ಸಿಗುತ್ತವೆ. ಮೌಲ್ಯವರ್ಧಿತ ಕೋರ್ಸ್, ಆ್ಯಡ್-ಆನ್, ಸರ್ಟಿಫಿಕೇಟ್ ಕೋರ್ಸ್ ಎಂದು ಹೆಸರು ಹಲವು. ಕನಿಷ್ಠ 30 ಗಂಟೆಯ ಇಂಥ ಕೋರ್ಸುಗಳನ್ನು ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಹಿಡಿಯುತ್ತ ಬಂದಿರುವುದರಿಂದ ಕಾಲೇಜುಗಳಿಗೂ ಅವು ಬೇಕು. ಆದರೆ ಆ 30 ಗಂಟೆ ಬಹುಪಾಲು ಇನ್ನೊಂದು ಸಾಫ್ಟ್‌ವೇರ್ ಕಲಿಸುವುದರಲ್ಲೇ ಮುಗಿದುಹೋಗುವುದು ನನಗೆ ನೋವಿನ ಸಂಗತಿ. ಸಾಫ್ಟ್‌ವೇರ್ ಬೇಡವೆನ್ನುತ್ತಿಲ್ಲ, ಕೆಲಸಕ್ಕೆ ಸೇರಲು ಅದು ಬೇಕೇ ಬೇಕು. ಅದನ್ನು ಮುಖ್ಯ ಪಠ್ಯವೇ ಕಲಿಸಬೇಕು, ಉಳಿದದ್ದನ್ನು ವಿದ್ಯಾರ್ಥಿ ಮೊಬೈಲ್ ನೋಡಿಯೂ ಕಲಿತಾನು. ಹಾಗೆ ಕಲಿಯಲಾಗದ್ದಕ್ಕೆ ಈ ಗಂಟೆಗಳು ಮೀಸಲಾಗಬೇಕು.

ಮೊದಲು ಪತ್ರಿಕೋದ್ಯಮವನ್ನೇ ನೋಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು, ಮಣ್ಣು ಗಂಗಾವಳಿ ನದಿಗೂ ನುಗ್ಗಿತು. ಅದರಲ್ಲಿ ಕಾಣೆಯಾದ ಕೇರಳದ ಲಾರಿ ಚಾಲಕನ ಹುಡುಕಾಟ ಎರಡು ತಿಂಗಳು ದಾಟಿತು, ಕ್ಯಾಮೆರಾಗಳೂ ಅಷ್ಟು ದಿನ ಅತ್ತಲೇ ಇದ್ದವು. ಹೆದ್ದಾರಿಗಾಗಿ ಗುಡ್ಡವನ್ನು ಯಾವ ಕೋನದಲ್ಲಿ ಕಡಿದರು, ಮಳೆನೀರು ಇಳಿದು ಹೋಗಲು ದಾರಿ ಬಿಟ್ಟಿದ್ದರೇ ಎಂದು ಕೇಳಬೇಕಾದರೆ ವರದಿಗಾರನಿಗೆ ಮಣ್ಣಿನ ಗುಣ ಗೊತ್ತಿರಬೇಕು, ನಕ್ಷೆ ಓದಲು ಬರಬೇಕು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ನಡೆಯುವ ಯೋಜನೆಗಳ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಜನರಿಗೆ ಸಿಗಬೇಕು, ಅಹವಾಲಿಗೆ ಕನಿಷ್ಠ 30 ದಿನ ಮೊದಲು ತಿಳಿವಳಿಕೆ ಪತ್ರ ಹೊರಡಬೇಕು. ಆ ಕನ್ನಡ ಸಾರಾಂಶವನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದಿಸುವ, ಮಾಹಿತಿ ಹಕ್ಕಿನ ಅರ್ಜಿಯನ್ನು ಬರೆಸಿ ಕಳಿಸುವ ಒಂದು ಕೋರ್ಸ್ ಕರಾವಳಿಯ ಪ್ರತಿ ಪತ್ರಿಕೋದ್ಯಮ ವಿಭಾಗದಲ್ಲೂ ಇರಬೇಕು. ನದಿ, ಬಂದರು, ಹೆದ್ದಾರಿಗಳ ನಡುವೆಯೇ ಬದುಕುವ ಉತ್ತರ ಕನ್ನಡ ಜಿಲ್ಲೆಗೆ ಇದು ಅಲಂಕಾರದ ವಿದ್ಯೆಯಲ್ಲ.

ವಿನ್ಯಾಸದ ವಿದ್ಯಾರ್ಥಿಗಳಿಗೆ ದೂರ ಹೋಗುವ ಅಗತ್ಯವೇ ಇಲ್ಲ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಯಕ್ಷಗಾನ ಮೇಳವಿದೆ. ಶಿವರಾಮ ಹೆಗಡೆಯವರು ಅದನ್ನು ಕಟ್ಟಿದ್ದು 1934ರಲ್ಲಿ. ಅವರ ಮಗ ಶಂಭು ಹೆಗಡೆಯವರು ಅಲ್ಲಿ ಶ್ರೀಮಯ ರಂಗಶಿಕ್ಷಣ ಕೇಂದ್ರ ತೆರೆದರು. ಬಡಗುತಿಟ್ಟಿನ ಈ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕುಳಿತು ಮುಂಡಾಸು ಕಟ್ಟುವುದನ್ನು ನೋಡಿದರೆ ಬಣ್ಣ, ತೂಕ, ಅಳತೆ ಮೂರೂ ಒಟ್ಟಿಗೆ ಅರ್ಥವಾಗುತ್ತವೆ. ದೊಂದಿಯ ಬೆಳಕಿನಲ್ಲಿ, ದೂರದಲ್ಲಿ ಕುಳಿತವರಿಗೂ ಪಾತ್ರ ಗುರುತು ಸಿಗಬೇಕಿತ್ತು. ಅದಕ್ಕೇ ಕಸೆ ಸೀರೆಯ ದೊಡ್ಡ ಚೌಕುಳಿ, ಕೆಂಪು-ಕಪ್ಪಿನ ಎದುರುಬದುರು, ಹಗುರ ಮರದ ಮೇಲೆ ಹೊಳೆಯುವ ಬೇಗಡೆ. ಕುಣಿಯುವವನ ಕುತ್ತಿಗೆಗೆ ಭಾರವಾಗಬಾರದು, ನೋಡುವವನ ಕಣ್ಣಿಗೆ ಸಣ್ಣದಾಗಬಾರದು. ವಿನ್ಯಾಸದ ಮೂಲಪ್ರಶ್ನೆಯೇ ಇದು. ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೆರೆದು ಚಿತ್ರ ಬಿಡಿಸುವ ಕಾವಿ ಕಲೆಯೂ ಇದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆಗಳೇ ಹೋಗುತ್ತಿರುವಾಗ ಅದನ್ನು ಅಳೆದು ದಾಖಲಿಸಲು ಕಲಿತ ಕೈಗಳು ಬೇಕಿವೆ.

ಐಚ್ಛಿಕವೆಂದರೆ ಹಾಜರಿ ಬೀಳುವುದಿಲ್ಲ ಎಂಬ ಆಕ್ಷೇಪ ನಿಜ. ಕ್ರೆಡಿಟ್ ಇಲ್ಲದ ಶ್ರಮಕ್ಕೆ ಹದಿನೆಂಟರ ವಯಸ್ಸು ನಿಲ್ಲುವುದಿಲ್ಲ. ರಾಜ್ಯ 2024-25ರಿಂದ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದ ಮೇಲೆ ವೇಳಾಪಟ್ಟಿಯೂ ಬಿಗಿಯಾಗಿದೆ. ಆದರೆ ಯುಜಿಸಿಯ 2021ರ ನಿಯಮ ‘ಸ್ವಯಂ’ ಜಾಲತಾಣದ ಪಾಠಗಳಿಗೆ ಒಂದು ಸೆಮಿಸ್ಟರ್‌ನ ಶೇ 40ರವರೆಗೆ ಕ್ರೆಡಿಟ್ ಕೊಡಲು ಒಪ್ಪುತ್ತದೆ. ಪರದೆಯ ಪಾಠಕ್ಕೆ ಅಷ್ಟು ಕೊಡಬಹುದಾದರೆ ಗುಣವಂತೆಯ ಚೌಕಿಗೆ ಎರಡು ಕ್ರೆಡಿಟ್ ಕೊಡಲು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಗೆ ಏನು ಅಡ್ಡಿ?

ಕಲಿಸುವವರಿಗೆ ಪದವಿ ಇಲ್ಲವಲ್ಲ ಎಂಬ ತಕರಾರಿಗೂ ದಾರಿಯಿದೆ. ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲಿ ಲಲಿತಕಲೆ, ಮಾಧ್ಯಮ ಎರಡೂ ಕ್ಷೇತ್ರಗಳಿವೆ. ಕೇಳುವುದು 15 ವರ್ಷದ ಪಳಗಿದ ಅನುಭವವನ್ನು, ಪ್ರಮಾಣಪತ್ರವನ್ನಲ್ಲ. ಹೊನ್ನಾವರದ ವೇಷಭೂಷಣದ ಕಸುಬಿನವರನ್ನು, ತಾಲ್ಲೂಕು ಕೇಂದ್ರದಲ್ಲಿ ದಶಕಗಟ್ಟಲೆ ಸುದ್ದಿ ಬರೆದವರನ್ನು ಈ ನಿಯಮದಡಿ ಕರೆಯಬಹುದು. ಕರೆದವರಿಗೆ ಶಾಲು-ಹಾರದ ಬದಲು ಅತಿಥಿ ಉಪನ್ಯಾಸಕರಷ್ಟಾದರೂ ಸಂಭಾವನೆಯನ್ನು ಪ್ರತಿ ತಿಂಗಳೂ ತಪ್ಪದೆ ಕೊಡಬೇಕು.