ಹಾವಿನ ಊಟ ನಮಗ್ಯಾಕೆ ಆಟ?

ಹೋದ ಸೆಮಿಸ್ಟರ್ ಎರಡನೇ ಇಂಟರ್ನಲ್ಸ್ ಹಿಂದಿನ ರಾತ್ರಿ ನಮ್ಮ ರೂಮಿನಲ್ಲಿ ಓದು ನಿಂತು ಜಗಳ ಶುರುವಾಯಿತು. ಕಾರಣ ಒಂದು ವಿಡಿಯೋ. ನಮ್ಮ ಮೂವರಲ್ಲಿ ಒಬ್ಬ ಇಳಕಲ್ಲಿನವನು. ಅವನ ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮನೆಯಲ್ಲಿ ಬಾಲ್ ಪೈಥಾನ್ ಸಾಕಿದ್ದಾನೆ. ಗಾಜಿನ ಪೆಟ್ಟಿಗೆಯೊಳಗೆ ಜೀವಂತ ಬಿಳಿ ಇಲಿ ಬಿಟ್ಟು ತೆಗೆದ ವಿಡಿಯೋ ಅದು. ಇಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತೆ, ಗಾಜು ಕೆರೆಯುತ್ತೆ, ಆಮೇಲೆ ಒಂದೇ ಕ್ಷಣ, ಮುಗೀತು. ಹಿಂದೆ ಯಾವುದೋ ಸಿನಿಮಾ ಬಿಜಿಎಂ. ನಾವು ಮೂವರೂ ಮೂರು ಸಲ ನೋಡಿದೆವು, "ಮಸ್ತ್ ಐತಿ ಲೇ" ಅಂದೆವು. ಇದನ್ನು ಮೊದಲೇ ಒಪ್ಪಿಕೊಂಡು ಬಿಡ್ತೀವಿ.

ವಾರ ಕಳೆದ ಮೇಲೆ ಅದೇ ಹಾವಿನ ಫೋಟೋ ಬಂತು. ಬೆನ್ನ ಮೇಲೆ ಮಾಂಸ ಕಾಣುವಷ್ಟು ಗಾಯ. ಆ ದಿನ ಹಾವಿಗೆ ಹಸಿವಿರಲಿಲ್ಲ. "ರಾತ್ರಿ ತಿಂತೈತಿ ಬಿಡು" ಅಂತ ಇಲಿಯನ್ನು ಅಲ್ಲೇ ಬಿಟ್ಟು ಅಣ್ಣ ಮಲಗಿದ್ದ. ಹಸಿದ ಇಲಿ ರಾತ್ರಿಯೆಲ್ಲ ಹಾವನ್ನೇ ಕಡಿದಿತ್ತು. ಡಾಕ್ಟರ ಹತ್ತಿರ ಹೋಗಿ ಹೊಲಿಗೆ ಹಾಕಿಸಬೇಕಾಯಿತು. ಇಲಿಗೂ ಹಲ್ಲಿದೆ ಅನ್ನೋದನ್ನ ವಿಡಿಯೋ ನೋಡುವಾಗ ನಾವ್ಯಾರೂ ಯೋಚನೆ ಮಾಡಿರಲಿಲ್ಲ.

ಆಮೇಲೆ ಜಗಳ ಬೇರೆ ದಾರಿ ಹಿಡಿಯಿತು. ಸಾಕಿದ ಹಾವಿಗೆ ಜೀವಂತ ಇಲಿ ಕೊಡಬೇಕೋ, ಫ್ರೋಜನ್ ಇಲಿ ಕೊಡಬೇಕೋ? ಇದು ನಮಗೆ ಬರೀ ಹರಟೆ ಆಗಿರಲಿಲ್ಲ. ಇಳಕಲ್ಲಿನವನು ತಾನೂ ಒಂದು ಬಾಲ್ ಪೈಥಾನ್ ತಗೋಬೇಕು ಅಂತ ದುಡ್ಡು ಕೂಡಿಸುತ್ತಿದ್ದ. ಮೂರನೇ ವರ್ಷ ಹಾಸ್ಟೆಲ್ ಬಿಟ್ಟು ವಿದ್ಯಾಗಿರಿಯಲ್ಲೇ ರೂಮ್ ಮಾಡೋಣ, ಹಾವೂ ಇರಲಿ ಅನ್ನೋದು ಪ್ಲಾನ್. ಬಾಡಿಗೆಯಲ್ಲಿ ನಮ್ಮ ಪಾಲೂ ಇತ್ತಲ್ಲ, ಹಾಗಾಗಿ ಮಾತಾಡೋ ಹಕ್ಕು ನಮಗೂ ಇತ್ತು.

ಜೀವಂತ ಇಲಿಯ ಪರವಾಗಿ ಎಲ್ಲರೂ ಹೇಳುವ ಮಾತು ಒಂದೇ: "ನೇಚರ್‌ನಾಗ ಹಿಂಗ ಅಲ್ಲೇನು?" ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಹುನಗುಂದದ ಹುಡುಗನ ಹೊಲದಲ್ಲಿ ಕೇರೆ ಹಾವು ಇಲಿ ಬೆನ್ನಟ್ಟಿದರೆ ಇಲಿಗೆ ಬಿಲ ಇದೆ, ಎರಿ ಮಣ್ಣಿನ ಬಿರುಕಿದೆ, ಜೋಳದ ಕಣಿಕಿ ಬಣವಿ ಇದೆ. ಹಾವಿಗೂ ಇವತ್ತು ಬೇಡ ಅನ್ನಿಸಿದರೆ ಬಿಟ್ಟು ಹೋಗೋ ದಾರಿ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರಿಗೂ ದಾರಿ ಇಲ್ಲ. ನಾಲ್ಕು ಗೋಡೆ ಕಟ್ಟಿದವರು ನಾವು, ಬಾಗಿಲು ಹಾಕಿದವರು ನಾವು. ಆಮೇಲೆ "ಇದು ಪ್ರಕೃತಿ" ಅಂದರೆ ಹೆಂಗೆ?

ಇನ್ನೊಂದು ಮಾತು: "ಹಾವು ಸತ್ತದ್ದು ತಿನ್ನಂಗಿಲ್ಲ." ಇದು ತಪ್ಪು. ಕಾಡಿನಲ್ಲೂ ಸತ್ತ ಪ್ರಾಣಿ ತಿನ್ನುವ ಹಾವುಗಳಿವೆ. ಪ್ರಪಂಚದಲ್ಲಿ ಎಷ್ಟೋ ಜನ ಹಾವು ಸಾಕುವವರು ಫ್ರೋಜನ್ ಇಲಿಯನ್ನೇ ಕೊಡ್ತಾರೆ. ಕೆಲಸ ಮಾಡೋ ರೀತಿ ನಮ್ಮಂಥವರಿಗೆ ಇಷ್ಟ ಆಗುವಂಥದ್ದು. ಬಾಲ್ ಪೈಥಾನ್ ತುಟಿಯ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅವು ಶಾಖ ಗುರುತಿಸುವ ಸೆನ್ಸರ್‌ಗಳು, ಕತ್ತಲಲ್ಲೂ ಬಿಸಿ ಮೈಯ ಪ್ರಾಣಿ ಎಲ್ಲಿದೆ ಅಂತ ಹೇಳುತ್ತವೆ. ನಾಲಿಗೆ ವಾಸನೆಯನ್ನು ಬಾಯಿಯ ಮೇಲ್ಭಾಗದ ಒಂದು ಅಂಗಕ್ಕೆ ಮುಟ್ಟಿಸುತ್ತೆ. ಅಂದರೆ ಹಾವಿಗೆ ಮುಖ್ಯವಾಗಿ ಬೇಕಾದ ಇನ್‌ಪುಟ್ ಶಾಖ, ವಾಸನೆ, ಅಲುಗಾಟ. ಫ್ರೋಜನ್ ಇಲಿಯನ್ನು ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡಬೇಕು. ಮರುದಿನ ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು ಸುಮಾರು 38ರಿಂದ 40 ಡಿಗ್ರಿಗೆ ತರಬೇಕು. ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗೇ ಉಳಿಯುತ್ತೆ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿದರೆ ಬಹಳಷ್ಟು ಹಾವುಗಳು ಹಿಡಿಯುತ್ತವೆ. ಇಲಿಯ ಗಾತ್ರ ಹಾವಿನ ದಪ್ಪ ಭಾಗದಷ್ಟಿದ್ದರೆ ಸಾಕು.

ತಿನ್ನಲಿಲ್ಲ ಅಂದರೆ? ಆರೋಗ್ಯವಾಗಿರುವ ದೊಡ್ಡ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇರುತ್ತೆ. ನಮ್ಮ ಹಂಗೆ ಮೆಸ್ ಬಂದಾದ ಒಂದೇ ದಿನಕ್ಕೆ ಒದ್ದಾಡಲ್ಲ. ಮತ್ತೆ ಪ್ರಯತ್ನ ಮಾಡಬೇಕು, ತೂಕ ಇಳಿಯುತ್ತಿದ್ದರೆ ಡಾಕ್ಟರನ್ನು ಕೇಳಬೇಕು. ಯಾವುದೋ ಒಂದು ಹಾವು ಎಷ್ಟೇ ಮಾಡಿದರೂ ಸತ್ತದ್ದು ಮುಟ್ಟಲಿಲ್ಲ ಅಂದರೆ ಆಗ ಜೀವಂತ ಇಲಿ ಕೊಡಬೇಕಾಗಬಹುದು, ಅದನ್ನೂ ಒಪ್ತೀವಿ. ಆದರೆ ಆಗ ಪಕ್ಕದಲ್ಲೇ ಕೂತಿರಬೇಕು, ತಿನ್ನದಿದ್ದರೆ ಇಲಿಯನ್ನು ಹೊರಗೆ ತೆಗೆಯಬೇಕು. ಕೈಯಲ್ಲಿ ಇಕ್ಕಳ ಇರಬೇಕು, ಫೋನ್ ಅಲ್ಲ.

ನಮ್ಮಲ್ಲಿ ಬಾದಾಮಿಯವನು ಇಲ್ಲೊಂದು ಪ್ರಶ್ನೆ ಎಸೆದ: "ಫ್ರೋಜನ್ ಇಲಿ ಏನ್ ತಾನಾಗೇ ಸತ್ತಿರತೈತೇನು? ಕಣ್ಣಿಗೆ ಕಾಣಂಗಿಲ್ಲ ಅಷ್ಟ." ಉತ್ತರ ಹೇಳೋಕೆ ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನ ಮಾತು ನಿಜ. ಫ್ರೋಜನ್ ಕೊಟ್ಟರೆ ನಮ್ಮ ಕೈ ಸ್ವಚ್ಛ ಅಂತ ಅಲ್ಲ, ಇಲಿ ಸಾಯುತ್ತೆ. ವ್ಯತ್ಯಾಸ ಇರೋದು ಹೇಗೆ ಸಾಯುತ್ತೆ ಅನ್ನೋದರಲ್ಲಿ. ಸರಿಯಾಗಿ ಮಾಡುವ ಕಡೆ ಇಂಗಾಲದ ಡೈಆಕ್ಸೈಡ್ ಗ್ಯಾಸನ್ನು ನಿಧಾನಕ್ಕೆ ಬಿಡ್ತಾರೆ, ಇಲಿಗೆ ಮೊದಲು ಪ್ರಜ್ಞೆ ಹೋಗುತ್ತೆ. ಅದೂ ಪೂರ್ತಿ ನೋವಿಲ್ಲದ ಸಾವು ಅಂತ ನಾವು ಹೇಳಲ್ಲ. ಆದರೆ ಗಾಜು ಕೆರೆಯುತ್ತಾ ತಪ್ಪಿಸಿಕೊಳ್ಳಲು ಹುಡುಕೋ ಆ ನಿಮಿಷಗಳು ಅಲ್ಲಿಲ್ಲ. ಹಾವಿಗೂ ಕಡಿತ ಇಲ್ಲ. ಎರಡು ಜೀವಕ್ಕೂ ಕಷ್ಟ ಕಡಿಮೆ ಆಗುವ ದಾರಿ ಇದ್ದಾಗ, ಹೆಚ್ಚು ಕಷ್ಟದ ದಾರಿ ಯಾಕೆ ಹಿಡಿಯಬೇಕು? ನಾವು ಹುಡುಕಿದ ಉತ್ತರ ಒಂದೇ, ನೋಡೋಕೆ ಚಂದ ಇರುತ್ತೆ ಅಂತ.

ಕಾನೂನೂ ಇದೇ ಜಾಗಕ್ಕೆ ಕೈ ಹಾಕುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ, ಬರೀ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕೂಡಿಹಾಕಿ ಇನ್ನೊಂದಕ್ಕೆ ಬೇಟೆ ಮಾಡೋದು ಅಪರಾಧ ಅಂತ ಇದೆ. ನಮ್ಮ ಗ್ರೂಪಿಗೆ ಬಂದ ಆ ವಿಡಿಯೋವನ್ನು ಇದರ ಪಕ್ಕ ಇಟ್ಟು ನೋಡಿ. ಇನ್ನು ನಾಗರ, ಕೇರೆ, ನಮ್ಮ ದೇಶದ ಹೆಬ್ಬಾವು, ಇವನ್ನು ಮನೆಯಲ್ಲಿ ಸಾಕೋ ಹಾಗೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡಲ್ಲ. ಬಾಲ್ ಪೈಥಾನ್ ಆಫ್ರಿಕಾದ್ದು. ಅದನ್ನು ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. "ಪೇಪರ್ ಆಮೇಲೆ ಕೊಡ್ತೀವಿ" ಅನ್ನೋ ಮಾರಾಟಗಾರನನ್ನು ನಂಬಬೇಡಿ.

ನಮ್ಮ ಕಡೆ ಹಾವು ಸಾಕೋರು ಎಷ್ಟು ಜನ, ಇದನ್ನ ಯಾಕೆ ಬರೀತೀರಿ ಅಂತ ಕೇಳಬಹುದು. ಸಾಕೋರು ಕಡಿಮೆ, ಹಾವನ್ನು ನೋಡೋರು ಎಲ್ಲರೂ. ಮಳೆಗಾಲದಲ್ಲಿ ಗುಡ್ಡದ ಕಡೆಯಿಂದ ಹಾಸ್ಟೆಲ್ ಹಿಂದೆ ಹಾವು ಬಂದರೆ, ಹಿಡಿಯೋರು ಬಂದು ಡಬ್ಬಿಗೆ ಹಾಕಿದ ಕೂಡಲೇ ಯಾರೋ ಒಬ್ಬ "ಒಂದ್ ಇಲಿ ಹಾಕ್ರಿ, ವಿಡಿಯೋ ಮಾಡೂಣು" ಅಂತಾನೆ. ಹೆದರಿದ ಹಾವು ತಿನ್ನೋದೇ ಕಷ್ಟ, ತಿಂದರೂ ವಾಂತಿ ಮಾಡುತ್ತೆ. ಪಂಚಮಿಗೆ ಮನೆಯಲ್ಲಿ ನಾಗಪ್ಪಗೆ ಹಾಲು ಎರಿತೀವಿ. ಹಾವಿನ ಆಹಾರ ಹಾಲಲ್ಲ ಅಂತ ಶಾಲೆಯಲ್ಲಿ ಓದಿದ್ದೀವಿ, ಕಲ್ಲ ನಾಗರದ ಬಗ್ಗೆ ಬಸವಣ್ಣ ಹೇಳಿದ್ದೂ ಬಾಯಿಪಾಠ. ನಾವು ಹಾಲು ಎರೆಯೋರನ್ನು ನೋಡಿ ನಗ್ತೀವಿ. ಆದರೆ ಕಲ್ಲಿಗೆ ಹಾಲೆರೆದರೆ ಯಾರಿಗೂ ನೋವಾಗಲ್ಲ. ನಮ್ಮ ವ್ಯೂಸ್‌ಗೆ ಡಬ್ಬಿಯೊಳಗಿನ ಎರಡು ಜೀವ ಬೇಕು. ಅಜ್ಜಿಗಿಂತ ನಾವು ಶಾಣ್ಯಾರು ಅನ್ನೋದು ಯಾವ ಲೆಕ್ಕದಲ್ಲಿ?

ಕೊನೆಗೆ ನಮ್ಮ ರೂಮಿನ ತೀರ್ಮಾನ. ಸಾಕಿದ್ದರೆ ಫ್ರೋಜನ್ ಇಲಿಯನ್ನೇ ಕೊಡಬೇಕು. ಅದಕ್ಕೆ ಬೇರೆ ಫ್ರೀಜರ್ ಬೇಕು, ಯಾಕಂದರೆ ಫ್ರೀಜರ್‌ನ ಚಳಿಗೆ ಸಾಲ್ಮೊನೆಲ್ಲಾ ಸಾಯಲ್ಲ, ನಾವು ತಿನ್ನೋದರ ಪಕ್ಕ ಇಡೋ ಹಾಗಿಲ್ಲ. ಇಲಿ ಸಿಗುವ ನಂಬಿಕೆಯ ಜಾಗ ಬೇಕು, ಹಾವು ನೋಡೋ ಡಾಕ್ಟರ್ ಹತ್ತಿರದಲ್ಲಿರಬೇಕು, ಕರೆಂಟ್ ಹೋದರೆ ಏನು ಅಂತ ಯೋಚನೆ ಮಾಡಿರಬೇಕು. ಇಷ್ಟೂ ಆಗಲ್ಲ ಅಂದರೆ ಹಾವು ತರಬಾರದು. "ಇಲ್ಲಿ ಫ್ರೋಜನ್ ಸಿಗಂಗಿಲ್ಲ, ಅದಕ್ಕ ಜೀವಂತ" ಅನ್ನೋದು ಕಾರಣ ಅಲ್ಲ. ನಮ್ಮ ಅನುಕೂಲದ ಲೆಕ್ಕವನ್ನು ಇಲಿ ತೀರಿಸಬೇಕಾಗುತ್ತೆ.

ಇಳಕಲ್ಲಿನವನು ಪಟ್ಟಿ ಮಾಡಿ ನೋಡಿದ, ಯಾವುದೂ ನಮ್ಮ ಕೈಲಿ ಆಗೋದಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ಕೂಡಿಸಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡ. ಬೆಂಗಳೂರಿನ ಹಾವಿನ ಗಾಯ ಮಾಯ್ದಿದೆ, ಈಗ ಅದಕ್ಕೆ ಇಕ್ಕಳದಿಂದಲೇ ಊಟ. ಅಣ್ಣ ಆ ವಿಡಿಯೋ ಕಳಿಸೋದು ಬಿಟ್ಟಿದ್ದಾನೆ. ನಾವೂ ಕೇಳಿಲ್ಲ.