ಎದೆಯುರಿಯೆಲ್ಲ ‘ಗ್ಯಾಸ್ಟ್ರಿಕ್’ ಅಲ್ಲ, ಗುಳಿಗೆಯೊಂದೇ ಮದ್ದೂ ಅಲ್ಲ

ಬೆಂಗಳೂರು: ರಾತ್ರಿ ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ಹಾಸಿಗೆ, ಬೆಳಗಾದೊಡನೆ ಒಂದು ಗುಳಿಗೆ. ನಗರವಾಸಿಗಳಲ್ಲಿ ಅನೇಕರಿಗೆ ಇದೇ ದಿನಚರಿ. ಔಷಧಿ ಅಂಗಡಿಯಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಎಂದರೆ ಚೀಟಿ ಕೇಳುವವರು ವಿರಳ. ಆದರೆ ಹೀಗೆ ಕೈಗೆ ಬರುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು 1945ರ ಔಷಧ ನಿಯಮಗಳ ‘ಶೆಡ್ಯೂಲ್ ಎಚ್’ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ನಿಯಮ ಕಾಗದದಲ್ಲಿದೆ, ಗುಳಿಗೆ ಜೇಬಿನಲ್ಲಿದೆ.

‘ಗ್ಯಾಸ್ಟ್ರಿಕ್’ ಎಂಬ ಪದವೇ ಮೊದಲ ತೊಡಕು. ಹೊಟ್ಟೆಯುಬ್ಬರ, ಜಠರದ ಹುಣ್ಣು, ಎದೆಯುರಿ, ಕೆಲವೊಮ್ಮೆ ಹೃದಯಾಘಾತದ ನೋವು ಕೂಡ ಜನರ ಬಾಯಲ್ಲಿ ಗ್ಯಾಸ್ಟ್ರಿಕ್ಕೇ. ಆಮ್ಲ ಮೇಲೇರುವ ಕಾಯಿಲೆ ಇವುಗಳಿಂದ ಬೇರೆ. ಅನ್ನನಾಳವು ಜಠರವನ್ನು ಸೇರುವೆಡೆ ಸ್ನಾಯುವಿನ ಉಂಗುರವೊಂದಿದೆ. ನುಂಗುವಾಗ ತೆರೆದು ಮತ್ತೆ ಬಿಗಿಯಾಗುವುದು ಅದರ ಕೆಲಸ. ಅದು ಸಡಿಲಗೊಂಡಾಗ ಅಥವಾ ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೊಂಡಾಗ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಆಮ್ಲವನ್ನು ತಾಳಿಕೊಳ್ಳುವ ರಕ್ಷಣೆ ಜಠರದ ಒಳಪದರಕ್ಕಿದೆ, ಅನ್ನನಾಳಕ್ಕಿಲ್ಲ. ಉರಿ, ಹುಳಿತೇಗು, ಕೆಲವರಲ್ಲಿ ರಾತ್ರಿಯ ಒಣಕೆಮ್ಮು ಅದರ ಫಲ. ಗುಳಿಗೆಯು ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತದೆಯೇ ಹೊರತು ಸಡಿಲಗೊಂಡ ಈ ಬಾಗಿಲನ್ನು ಮುಚ್ಚುವುದಿಲ್ಲ.

ಹಾಗೆಂದು ಗುಳಿಗೆಯನ್ನು ದೂರುವಂತಿಲ್ಲ. ಅನ್ನನಾಳದಲ್ಲಿ ಹುಣ್ಣಾದವರಿಗೆ ಸಾಮಾನ್ಯವಾಗಿ ಎಂಟು ವಾರಗಳ ಚಿಕಿತ್ಸೆ ನೀಡಲಾಗುತ್ತದೆ, ಬಹುಪಾಲು ಜನ ಗುಣ ಕಾಣುತ್ತಾರೆ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಸೇವಿಸಿದರೆ ಅದರ ಪರಿಣಾಮ ಹೆಚ್ಚು. ಉರಿ ಹತ್ತಿದ ಮೇಲೆ ನುಂಗಿದರೆ ಪ್ರಯೋಜನ ಅಲ್ಪ. ಸಮಸ್ಯೆ ಇರುವುದು ಎಂಟು ವಾರ ಎಂಟು ವರ್ಷವಾಗುವಲ್ಲಿ. ತಿಂಗಳುಗಟ್ಟಲೆ ಸೇವಿಸಿ ಥಟ್ಟನೆ ಬಿಟ್ಟರೆ ಆಮ್ಲ ಕೆಲಕಾಲ ಮೊದಲಿಗಿಂತ ಹೆಚ್ಚಾಗಿ ಸ್ರವಿಸಬಹುದು. ರೋಗ ಮರಳಿತೆಂದು ಭಾವಿಸಿದ ರೋಗಿ ಮತ್ತೆ ಗುಳಿಗೆಗೆ ಶರಣಾಗುತ್ತಾನೆ. ದೀರ್ಘಕಾಲದ ಬಳಕೆಯಿಂದ ಬಿ12 ಜೀವಸತ್ವ, ಮೆಗ್ನೀಸಿಯಂ ಕೊರತೆ ಉಂಟಾಗಬಹುದು. ಮೂತ್ರಪಿಂಡಕ್ಕೆ ಹಠಾತ್ ಹಾನಿಯಾಗುವ ಸಾಧ್ಯತೆಯನ್ನು ಔಷಧದ ಮಾಹಿತಿಪತ್ರದಲ್ಲಿ ನಮೂದಿಸುವಂತೆ ಕೇಂದ್ರ ಔಷಧ ನಿಯಂತ್ರಕರು 2019ರಲ್ಲೇ ಸೂಚಿಸಿದ್ದರು. ಆ ಚೀಟಿಯನ್ನು ಬಿಡಿಸಿ ಓದುವವರೆಷ್ಟು ಮಂದಿ ಎಂಬುದು ಬೇರೆ ಮಾತು. ವೈದ್ಯರ ಸಲಹೆಯಂತೆ ದೀರ್ಘಕಾಲ ಸೇವಿಸುತ್ತಿರುವವರು ಮಾತ್ರ ತಾವಾಗಿಯೇ ನಿಲ್ಲಿಸಕೂಡದು.

ಹಳೆಯ ಗುಳಿಗೆ ರ‍್ಯಾನಿಟಿಡಿನ್‌ನ ಕಥೆಯೂ ಗಮನಾರ್ಹ. ಕ್ಯಾನ್ಸರ್‌ಕಾರಕವಾಗಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಅದರಲ್ಲಿರುವುದು 2019ರಲ್ಲಿ ಬೆಳಕಿಗೆ ಬಂತು. ದಾಸ್ತಾನಿಟ್ಟಂತೆ, ಬಿಸಿ ಹೆಚ್ಚಿದಂತೆ ಅದರ ಪ್ರಮಾಣ ಏರುತ್ತದೆಂಬ ಕಾರಣಕ್ಕೆ ಅಮೆರಿಕವು 2020ರ ಏಪ್ರಿಲ್‌ನಲ್ಲಿ ಔಷಧವನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಹೇಳಿತು. ಭಾರತವು 2022ರ ಸೆಪ್ಟೆಂಬರ್‌ನಲ್ಲಿ ಅದನ್ನು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ಪಟ್ಟಿಯಿಂದ ಕೈಬಿಡುವುದೆಂದರೆ ನಿಷೇಧವಲ್ಲ ಎಂಬುದು ಹಲವರಿಗೆ ತಿಳಿದಿಲ್ಲ.

ಖರ್ಚಿಲ್ಲದ ಉಪಾಯಗಳು ಇಲ್ಲದಿಲ್ಲ. ಊಟಕ್ಕೂ ನಿದ್ರೆಗೂ ಮೂರು ಗಂಟೆ ಅಂತರವಿರಬೇಕು. ಮಂಚದ ತಲೆಯ ಭಾಗದ ಕಾಲುಗಳ ಕೆಳಗೆ ಆರೆಂಟು ಇಂಚಿನ ಹಲಗೆಯಿಟ್ಟು ಎತ್ತರಿಸಬೇಕು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗುವುದು ಹಿತ. ಸ್ಥೂಲಕಾಯರಿಗೆ ತೂಕ ಇಳಿಸುವುದು, ಸೇದುವವರಿಗೆ ಬೀಡಿ ಸಿಗರೇಟು ಬಿಡುವುದು ಅನಿವಾರ್ಯ. ಕಾಫಿ ಎಲ್ಲರಿಗೂ ವರ್ಜ್ಯವೇನಲ್ಲ. ಕುಡಿದಾಗಲೆಲ್ಲ ಉರಿ ಬಂದರೆ ಮಾತ್ರ ಬಿಟ್ಟರೆ ಸಾಕು. ನುಂಗಲು ತ್ರಾಸ, ಕಾರಣವಿಲ್ಲದೆ ತೂಕ ಇಳಿಕೆ, ಕಪ್ಪು ಮಲ, ರಕ್ತವಾಂತಿ ಕಂಡರೆ ಮನೆಮದ್ದಿಗೆ ಅವಕಾಶವಿಲ್ಲ, ಎಂಡೋಸ್ಕೋಪಿ ಬೇಕಾಗುತ್ತದೆ.

ಎಲ್ಲಕ್ಕಿಂತ ದುಬಾರಿಯಾಗುವುದು ಹೃದಯದ ನೋವನ್ನು ಗ್ಯಾಸ್ಟ್ರಿಕ್ ಎಂದು ಬಗೆಯುವ ತಪ್ಪು. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆ ಆತಂಕ ಕೆಲವೇ ವಾರಗಳದ್ದು; ಎದೆ ಹಿಡಿದಾಗ ಸೋಡಾ ಕುಡಿದು ಕಾಯುವ ಅಭ್ಯಾಸ ಹಳೆಯದು. ಎದೆ ಬಿಗಿತದೊಡನೆ ಬೆವರು, ಉಬ್ಬಸ, ಎಡತೋಳಿಗೋ ದವಡೆಗೋ ಹರಡುವ ನೋವಿದ್ದರೆ, ಮಧುಮೇಹಿಗಳಲ್ಲಿ ಇಷ್ಟೂ ಇಲ್ಲದೆ ಬರೀ ಸುಸ್ತು, ಸಂಕಟವಿದ್ದರೂ, ಮೊದಲು ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಪರೀಕ್ಷೆಗೆ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡಲು ವ್ಯವಸ್ಥೆ ಮಾಡಲಾಗಿದೆ. ನೋವು ಶುರುವಾದ ಮೊದಲ ಗಂಟೆಗಳಲ್ಲಿ ತಲುಪಿದವರಿಗೇ ಆ ಚುಚ್ಚುಮದ್ದಿನ ಪೂರ್ಣ ಫಲ.